ಮನೆಯಲ್ಲೇ ಕಾರಿಗೆ ಪೇಂಟ್: ಮೊದಲ ಸಲ ಹೊಡೆಯುವವರು ಯಾವ ಪೇಂಟ್ ತರಬೇಕು?

"ಮನೆಯಲ್ಲೇ ಕಾರಿಗೆ ಪೇಂಟ್ ಹೊಡೀಬೇಕು ಅಂತಿದ್ದೀನಿ, ಯಾವ ಕಂಪನಿದು ತಗೊಳ್ಳಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಒಂದು ಕಂಪನಿ ಹೆಸರು ಹೇಳಿ ಮುಗಿಸಬಹುದು, ಆದರೆ ಅದರಿಂದ ನಿಮಗೆ ಏನೂ ಉಪಯೋಗ ಆಗುವುದಿಲ್ಲ. ನೆರೋಲ್ಯಾಕ್, ಪಿಪಿಜಿ, ನಿಪ್ಪಾನ್, ಆಕ್ಸಾಲ್ಟಾ, ಎಲ್ಲರ ಹತ್ತಿರವೂ ಒಳ್ಳೆಯ ಪೇಂಟ್ ಇದೆ. ಅದೇ ಡಬ್ಬದ ಪೇಂಟ್ ಒಬ್ಬರ ಡೋರ್ ಮೇಲೆ ಐದಾರು ವರ್ಷ ಹೊಳೆಯುತ್ತದೆ, ಇನ್ನೊಬ್ಬರ ಡೋರ್ ಮೇಲೆ ಹೊಡೆದ ದಿನವೇ ಸುಕ್ಕುಗಟ್ಟುತ್ತದೆ. ವ್ಯತ್ಯಾಸ ಇರುವುದು ಮೂರು ಕಡೆ: ಕಾರಿನ ಮೇಲೆ ಈಗ ಯಾವ ಪೇಂಟ್ ಇದೆ, ನೀವು ಎಲ್ಲಿ ನಿಂತು ಹೊಡೆಯುತ್ತೀರಿ, ಮುಖಕ್ಕೆ ಯಾವ ಮಾಸ್ಕ್ ಹಾಕುತ್ತೀರಿ. ಈ ಮೂರು ಗೊತ್ತಾದರೆ ಯಾವ ಪೇಂಟ್ ತರಬೇಕು ಅನ್ನುವುದು ಮುಕ್ಕಾಲು ಪಾಲು ತೀರ್ಮಾನವಾದ ಹಾಗೆಯೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲವೇ ಇಡೀ ಕಾರಿಗೆ ಕೈ ಹಾಕಬೇಡಿ. ಒಂದು ಡೋರ್, ಒಂದು ಫೆಂಡರ್ ಅಥವಾ ಒಂದು ಬಂಪರ್ ಸಾಕು. ಈ ಲೇಖನವನ್ನೂ ಅದೇ ಲೆಕ್ಕದಲ್ಲಿ ಬರೆದಿದ್ದೇನೆ: ಹತ್ತು ವರ್ಷ ಹಳೆಯ ಆಲ್ಟೊ, ವ್ಯಾಗನ್ಆರ್, ಸ್ಯಾಂಟ್ರೊ ಥರದ ಕಾರು, 30/40 ಸೈಟಿನ ಮನೆಯ ಪೋರ್ಚ್, ಒಂದೇ ಒಂದು ಪ್ಯಾನೆಲ್.

ಮೊದಲು ಅಂಗಡಿಯವರ ಮಾತು ಅರ್ಥ ಮಾಡಿಕೊಳ್ಳಿ

ಪೇಂಟ್ ಅಂಗಡಿಗೆ ಹೋದರೆ ಈ ಪದಗಳು ಕಿವಿಗೆ ಬೀಳುತ್ತವೆ. ಗೊತ್ತಿಲ್ಲದೆ ತಲೆ ಆಡಿಸಿದರೆ ಬೇರೆ ಏನೋ ಕೈಗೆ ಬರುತ್ತದೆ.

ಎನ್‌ಸಿ ಪೇಂಟ್: ನೈಟ್ರೋಸೆಲ್ಯುಲೋಸ್ ಲ್ಯಾಕರ್. ಹಳೆಯ ಮೇಸ್ತ್ರಿಗಳು ಇದನ್ನೇ ಡ್ಯೂಕೋ ಅನ್ನುವುದು. ಡ್ಯುಪಾಂಟ್ ಕಂಪನಿ 1920ರ ದಶಕದಲ್ಲಿ ಈ ಹೆಸರಿನ ಪೇಂಟ್ ತಂದಿತ್ತು, ಹೆಸರು ಹಾಗೇ ಉಳಿದುಕೊಂಡಿದೆ. ಬೇಗ ಒಣಗುತ್ತದೆ, ಅಗ್ಗ, ಆದರೆ ರಬ್ಬಿಂಗ್ ಕಾಂಪೌಂಡ್ (ಪೇಂಟ್ ಉಜ್ಜಿ ಹೊಳಪು ತರುವ ಪೇಸ್ಟ್) ಹಾಕಿ ಉಜ್ಜದೆ ಹೊಳಪು ಬರುವುದಿಲ್ಲ, ಪೆಟ್ರೋಲ್ ಚೆಲ್ಲಿದರೆ ಕಲೆ ಬೀಳುತ್ತದೆ.

ಸಿಂಥೆಟಿಕ್ ಎನಾಮೆಲ್: ಗೇಟ್, ಗ್ರಿಲ್, ಲಾರಿ ಬಾಡಿಗೆ ಹೊಡೆಯುವುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಒಣಗಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಬೀದಿಯ ಧೂಳೆಲ್ಲ ಬಂದು ಕೂತಿರುತ್ತದೆ. ಕಾರಿಗೆ ಬೇಡ. ಇನ್ನೂ ದೊಡ್ಡ ತೊಂದರೆ ಏನೆಂದರೆ, ಮುಂದೆ ಇದರ ಮೇಲೆ ಒಳ್ಳೆಯ ಪೇಂಟ್ ಹೊಡೆಯಲು ಹೋದರೆ ಅಡಿಯ ಎನಾಮೆಲ್ ಉಬ್ಬಿ ಸುಕ್ಕಾಗುತ್ತದೆ, ಕೊನೆಗೆ ಪೂರ್ತಿ ಕೆರೆದು ತೆಗೆಯಬೇಕಾಗುತ್ತದೆ.

1ಕೆ: ಒಂದೇ ಡಬ್ಬದ ಪೇಂಟ್. ಅದರಲ್ಲಿರುವ ಥಿನ್ನರ್, ಅಂದರೆ ಪೇಂಟನ್ನು ತೆಳ್ಳಗಿಡುವ ದ್ರವ, ಆರಿಹೋದರೆ ಒಣಗಿತು ಅಂತ ಅರ್ಥ. ಸ್ಪ್ರೇ ಕ್ಯಾನ್‌ನಲ್ಲಿ ಸಿಗುವ ಅಕ್ರಿಲಿಕ್ ಪೇಂಟ್ ಹೆಚ್ಚಾಗಿ ಇದೇ.

2ಕೆ ಅಥವಾ ಪಿಯು (ಪಾಲಿಯುರೆಥೇನ್): ಎರಡು ಭಾಗದ ಪೇಂಟ್. ಹೊಡೆಯುವ ಮುಂಚೆ ಹಾರ್ಡ್‌ನರ್ ಬೆರೆಸಬೇಕು. ಇದು ಬರೀ ಒಣಗುವುದಲ್ಲ, ಒಳಗೆ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ಬೆಲ್ಲ ನೀರು ಸೋಕಿದರೆ ಮತ್ತೆ ಕರಗುವ ಹಾಗೆ 1ಕೆ ಪೇಂಟ್ ಥಿನ್ನರ್ ತಾಗಿದರೆ ಮತ್ತೆ ಕರಗುತ್ತದೆ. ಪೂರ್ತಿ ಗಟ್ಟಿಯಾದ 2ಕೆ ಕರಗುವುದಿಲ್ಲ. ಬಿಸಿಲು, ಪೆಟ್ರೋಲ್, ಹಕ್ಕಿ ಹಿಕ್ಕೆ ಎಲ್ಲವನ್ನೂ ತಡೆದುಕೊಳ್ಳುತ್ತದೆ.

ಬೇಸ್ ಕೋಟ್ ಮತ್ತು ಕ್ಲಿಯರ್ ಕೋಟ್: ಬಣ್ಣ ಕೊಡುವುದು ಬೇಸ್, ಅದರ ಮೇಲೆ ಹೊಳಪು ಮತ್ತು ರಕ್ಷಣೆ ಕೊಡುವ ಬಣ್ಣವಿಲ್ಲದ ಪದರ ಕ್ಲಿಯರ್. ಎರಡನ್ನೂ ಒಂದರಲ್ಲೇ ಸೇರಿಸಿದ ಪೇಂಟಿಗೆ ಸಿಂಗಲ್ ಸ್ಟೇಜ್ ಅನ್ನುತ್ತಾರೆ.

ಹಂತ 1: ಕಾರಿನ ಮೇಲೆ ಈಗ ಏನಿದೆ ಅಂತ ಪರೀಕ್ಷೆ ಮಾಡಿ

ಜಾಸ್ತಿ ಜನ ಈ ಹಂತ ಬಿಟ್ಟುಬಿಡುತ್ತಾರೆ. ಹಾಳಾದ ಕೆಲಸಗಳಲ್ಲಿ ಹೆಚ್ಚಿನವು ಹಾಳಾಗುವುದೂ ಇಲ್ಲೇ.

ಕಾರ್ಖಾನೆಯ ಪೇಂಟ್ ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸಿದ್ದು. ಅದು ಗಟ್ಟಿ. ಅದರ ಮೇಲೆ ಸರಿಯಾಗಿ ಉಜ್ಜಿ ಏನು ಹೊಡೆದರೂ ಸಾಮಾನ್ಯವಾಗಿ ನಿಲ್ಲುತ್ತದೆ. ಆದರೆ ಹಳೆಯ ಕಾರೆಂದರೆ ಹಿಂದಿನ ಮಾಲೀಕರು ಎಲ್ಲೋ ಟಿಂಕರಿಂಗ್ ಮಾಡಿಸಿ, ಎಂಥದ್ದೋ ಪೇಂಟ್ ಹೊಡೆಸಿರುತ್ತಾರೆ. ಅದು ನಿಮಗೆ ಗೊತ್ತಿರುವುದಿಲ್ಲ. ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಂತೂ ಎನ್‌ಸಿ ಇದ್ದೇ ಇರುತ್ತದೆ ಅಂದುಕೊಂಡೇ ಶುರು ಮಾಡಿ.

ಪರೀಕ್ಷೆ ಸುಲಭ. ಡೋರ್ ತೆರೆದಾಗ ಮಾತ್ರ ಕಾಣುವಂಥ ಒಂದು ಮೂಲೆ ಆರಿಸಿಕೊಳ್ಳಿ. ಹೊರಗಡೆ ಪೇಂಟ್ ಹೊಡೆದಿದ್ದರೆ ಒಳಗಿನ ಮೂಲೆಗೆ ಅದು ಹೋಗದೇ ಇರಬಹುದು, ಆದ್ದರಿಂದ ಹೊರ ಅಂಚಿನ ಕೆಳಭಾಗದಲ್ಲೂ ಒಂದು ಸಲ ನೋಡಿ. ಬಿಳಿ ಹತ್ತಿಯನ್ನು ಎನ್‌ಸಿ ಥಿನ್ನರ್‌ನಲ್ಲಿ ಅದ್ದಿ ಹಿಂಡಿ, ಹತ್ತು ಹದಿನೈದು ಸೆಕೆಂಡ್ ಉಜ್ಜಿ.

ಹತ್ತಿಗೆ ಬಣ್ಣ ಹತ್ತಿ, ಜಾಗ ಅಂಟಂಟಾದರೆ ಅದು ಎನ್‌ಸಿ ಅಥವಾ 1ಕೆ. ಪೇಂಟ್ ಉಬ್ಬಿ ಸುಕ್ಕಾದರೆ ಎನಾಮೆಲ್. ಏನೂ ಆಗದೆ ಹತ್ತಿ ಬೆಳ್ಳಗೇ ಇದ್ದರೆ ಕಾರ್ಖಾನೆಯದು ಅಥವಾ 2ಕೆ. ಇನ್ನೊಂದು ಪರೀಕ್ಷೆಯೂ ಇದೆ: ಬಿಳಿ ಬಟ್ಟೆಗೆ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದಾಗ ಕಾರಿನ ಬಣ್ಣ ಬಟ್ಟೆಗೆ ಬಂದರೆ ಸಿಂಗಲ್ ಸ್ಟೇಜ್, ಬರದಿದ್ದರೆ ಮೇಲೆ ಕ್ಲಿಯರ್ ಇದೆ ಅಂತ.

ಇದರಿಂದ ಏನು ತೀರ್ಮಾನ? ಅಡಿಯಲ್ಲಿ ಎನ್‌ಸಿ, 1ಕೆ ಅಥವಾ ಎನಾಮೆಲ್ ಇದ್ದರೆ ಅದರ ಮೇಲೆ ನೇರವಾಗಿ ಹೊಸ ಪೇಂಟ್ ಹೊಡೆಯಬೇಡಿ. ಹೊಸ ಪೇಂಟಿನ ಥಿನ್ನರ್ ಅಡಿಯ ಪದರವನ್ನು ಕರಗಿಸಿ ಎತ್ತಿಬಿಡುತ್ತದೆ. ಒಂದು ಪ್ಯಾನೆಲ್ ಅಷ್ಟೇ ಅಲ್ವಾ, ಪೂರ್ತಿ ಉಜ್ಜಿ ತೆಗೆದು ತಗಡಿನಿಂದಲೇ ಶುರು ಮಾಡಿ. ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮುಂಚೆ ಹೊಡೆಯುವ ಅಡಿಪದರ) ಹೊಡೆದು ಅಡ್ಡಗೋಡೆ ಕಟ್ಟಿಕೊಳ್ಳುವವರೂ ಇದ್ದಾರೆ, ಅದು ನಡೆಯುತ್ತದೆ. ಆದರೆ ಅಡಿಯಲ್ಲಿ ಎನಾಮೆಲ್ ಇದ್ದಾಗ ಮಾತ್ರ ಅದನ್ನು ನಂಬಬೇಡಿ.

ಹಂತ 2: ಜಾಗ ಮತ್ತು ಹವೆ ನೋಡಿ

ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಪೇಂಟ್ ಹೊಡೆಯಬೇಡಿ. ಗಾಳಿ ಆಡುವುದಿಲ್ಲ, ಥಿನ್ನರ್ ಹಬೆ ಗಾಳಿಗಿಂತ ಭಾರ ಆದ್ದರಿಂದ ನೆಲದ ಮೇಲೇ ಹರಡಿ ನಿಲ್ಲುತ್ತದೆ, ಎಲ್ಲೋ ಒಂದು ಕಿಡಿ ಸಿಕ್ಕರೆ ಬೆಂಕಿ. ಮನೆಯ ಪೋರ್ಚ್‌ನಲ್ಲಿ ಹೊಡೆಯುವವರು ಕೂಡ ಹೊಸ್ತಿಲ ಬಳಿಯ ದೀಪ, ಅಡುಗೆ ಒಲೆ, ಗ್ಯಾಸ್ ಗೀಸರ್ ಎಲ್ಲ ಆರಿಸಿ, ಪೋರ್ಚ್ ಕಡೆಗೆ ತೆರೆಯುವ ಬಾಗಿಲು ಕಿಟಕಿ ಮುಚ್ಚಿ. ಹೊಗೆ ಹೋಗಲು ಗೇಟ್ ಕಡೆ ಪೂರ್ತಿ ತೆರೆದಿರಲಿ.

ಹಾರುವ ಪೇಂಟ್ ಪಕ್ಕದ ಮನೆಯ ಕಾರಿನ ಮೇಲೂ ಕೂರುತ್ತದೆ. ಕೈಯಾಡಿಸಿದರೆ ಸಣ್ಣ ಮರಳಿನ ಹಾಗೆ ತರಿತರಿ ಸಿಗುತ್ತದೆ, ತೊಳೆದರೆ ಹೋಗುವುದಿಲ್ಲ. ಮೊದಲೇ ಅವರಿಗೆ ಹೇಳಿ ಕಾರು ತೆಗೆಸಿ ಅಥವಾ ಹೊದಿಕೆ ಹಾಕಿಸಿ. ಸಾಧ್ಯವಿದ್ದರೆ ಡೋರ್ ಅಥವಾ ಬಂಪರ್ ಬಿಚ್ಚಿಕೊಂಡು ತಾರಸಿಗೆ ಹೋಗದೆ ಪೋರ್ಚ್‌ನಲ್ಲೇ ಸ್ಟ್ಯಾಂಡ್ ಮೇಲಿಟ್ಟು ಹೊಡೆಯಿರಿ. ತಾರಸಿಯಲ್ಲಿ ಗಾಳಿ ಜಾಸ್ತಿ, ಅರ್ಧ ಪೇಂಟ್ ಗಾಳಿಗೇ ಹೋಗುತ್ತದೆ.

ಹವೆ ಬಹಳ ಮುಖ್ಯ. ಮಂಗಳೂರು, ಉಡುಪಿ, ಕಾರವಾರ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಇಟ್ಟುಕೊಳ್ಳಲೇಬೇಡಿ. ಮಲೆನಾಡಿನವರಿಗೂ ಇದೇ ಮಾತು. ತೇವ ಜಾಸ್ತಿ ಇದ್ದಾಗ ಎನ್‌ಸಿ ಮತ್ತು 1ಕೆ ಪೇಂಟ್ ಮೇಲೆ ಹಾಲು ಚೆಲ್ಲಿದಂಥ ಬಿಳಿ ಮಬ್ಬು ಬರುತ್ತದೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂರುವುದೇ ಇದಕ್ಕೆ ಕಾರಣ. ಕಂಪ್ರೆಸರ್ ಇಟ್ಟುಕೊಂಡವರಿಗೆ ಇನ್ನೊಂದು ತಲೆನೋವು: ಟ್ಯಾಂಕಿನೊಳಗೆ ನೀರು ಸೇರುತ್ತದೆ, ಅದು ಸ್ಪ್ರೇ ಗನ್‌ನಿಂದ ಹನಿಯಾಗಿ ಹೊರಗೆ ಬೀಳುತ್ತದೆ. ಕೆಳಗಿನ ಡ್ರೈನ್ ನಟ್ ತೆರೆದು ನೀರು ಬಿಡಿ, ಗನ್‌ಗೆ ಮುಂಚೆ ಒಂದು ಮಾಯಿಶ್ಚರ್ ಫಿಲ್ಟರ್ ಹಾಕಿ.

ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ ಇದಕ್ಕೆ ಉಲ್ಟಾ ಸಮಸ್ಯೆ. ಬೇಸಿಗೆಯಲ್ಲಿ ಪೇಂಟ್ ಗನ್‌ನಿಂದ ಹೊರಟು ತಗಡು ಮುಟ್ಟುವಷ್ಟರಲ್ಲೇ ಅರ್ಧ ಒಣಗಿ, ಪುಡಿ ಉದುರಿದ ಹಾಗೆ ಒರಟಾಗಿ ಕೂರುತ್ತದೆ. ಬೆಳಿಗ್ಗೆ ಏಳರಿಂದ ಹತ್ತರೊಳಗೆ ಮುಗಿಸಿ, ನಿಧಾನಕ್ಕೆ ಆರುವ ಥಿನ್ನರ್ ಕೇಳಿ ತನ್ನಿ. ಬೆಂಗಳೂರು, ಮೈಸೂರು, ತುಮಕೂರು ಕಡೆಯವರಿಗೆ ಮಳೆ ಬಿಟ್ಟ ಮೇಲೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. 20ರಿಂದ 30 ಡಿಗ್ರಿ, ತಗಡಿನ ಮೇಲೆ ಬಿಸಿಲು ಬೀಳಬಾರದು. ಅಷ್ಟಿದ್ದರೆ ಸಾಕು.

ಹಂತ 3: ಮಾಸ್ಕ್ ಯಾವುದು ಅಂತ ನೋಡಿಕೊಂಡು 1ಕೆಯೋ 2ಕೆಯೋ ತೀರ್ಮಾನಿಸಿ

ಇದನ್ನು ದಯವಿಟ್ಟು ನಿಧಾನವಾಗಿ ಓದಿ.

2ಕೆ ಪೇಂಟಿನ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡುವಾಗ ಅದು ಸಣ್ಣ ಸಣ್ಣ ಹನಿಯಾಗಿ ಗಾಳಿಯಲ್ಲಿ ತೇಲುತ್ತದೆ. ಉಸಿರಿನ ಜೊತೆ ಒಳಗೆ ಹೋದರೆ ಆಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ಒಗ್ಗದೇ ಹೋಯಿತು ಅಂದರೆ ಆಮೇಲೆ ಚೂರೇ ಚೂರು ತಾಗಿದರೂ ಉಸಿರು ಕಟ್ಟುವಂತಾಗುತ್ತದೆ, ಅದು ಜೀವನಪೂರ್ತಿ ಇರಬಹುದು. ಅಪಾಯದ ಮಟ್ಟ ಮುಟ್ಟಿದರೂ ಅದರ ವಾಸನೆ ಗೊತ್ತಾಗುವುದಿಲ್ಲ. ಆದ್ದರಿಂದ "ವಾಸನೆ ಏನಿಲ್ಲ, ಪರವಾಗಿಲ್ಲ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಚರ್ಮ, ಕಣ್ಣಿನ ಮೂಲಕವೂ ತೊಂದರೆ ಮಾಡುತ್ತದೆ.

ಮೂಗಿಗೆ ಕರ್ಚೀಫ್ ಕಟ್ಟಿದರೆ, ಕೋವಿಡ್ ಕಾಲದ ಸರ್ಜಿಕಲ್ ಮಾಸ್ಕ್ ಹಾಕಿದರೆ, ಎನ್95 ಹಾಕಿದರೆ ಇದರಿಂದ ರಕ್ಷಣೆ ಸಿಗುವುದಿಲ್ಲ. ದೊಡ್ಡ ವರ್ಕ್‌ಶಾಪ್‌ಗಳ ಬೂತ್‌ನಲ್ಲಿ (ಪೇಂಟ್ ಹೊಡೆಯಲೆಂದೇ ಇರುವ ಕೋಣೆಯಲ್ಲಿ) ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮಾಸ್ಕ್ ಬಳಸುತ್ತಾರೆ, ಸರಿಯಾದ ಕ್ರಮ ಅದೇ. ಕಾರ್ಟ್ರಿಜ್ ಹಾಕುವ ರೆಸ್ಪಿರೇಟರ್, ಅಂದರೆ ಎರಡೂ ಕಡೆ ಡಬ್ಬಿ ಇರುವ ರಬ್ಬರ್ ಮಾಸ್ಕ್, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ಥಿನ್ನರ್‌ನಂಥ ಹಬೆ ಹೀರುವ ಡಬ್ಬಿ) ಮತ್ತು ಹನಿ ತಡೆಯುವ ಫಿಲ್ಟರ್ ಎರಡೂ ಇದ್ದರೆ ಒಂದು ಮಟ್ಟಿಗೆ ಕೆಲಸ ಮಾಡುತ್ತದೆ. ಆದರೆ ಅದರ ಕಾರ್ಟ್ರಿಜ್ ಮುಗಿದಿದ್ದು ಮೂಗಿಗೆ ಗೊತ್ತಾಗುವುದಿಲ್ಲ. ಗಡ್ಡ ಇದ್ದವರಿಗೆ ಅದು ಮುಖಕ್ಕೆ ಸರಿಯಾಗಿ ಕೂರುವುದೂ ಇಲ್ಲ.

ಹಾಗಾಗಿ ನನ್ನ ಸಲಹೆ ನೇರವಾಗಿದೆ:

ಮೊದಲ ಸಲ ಹೊಡೆಯುವವರು ಮನೆಯಲ್ಲಿ 1ಕೆ ಪೇಂಟನ್ನೇ ಬಳಸಿ. ಅದಕ್ಕೂ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್, ಕನ್ನಡಕ, ನೈಟ್ರೈಲ್ ಗ್ಲೌಸ್ ಬೇಕು, ಯಾಕೆಂದರೆ ಥಿನ್ನರ್ ಹಬೆಯೂ ಒಳ್ಳೆಯದಲ್ಲ. ಆದರೆ ಐಸೋಸಯನೇಟ್ ಅಪಾಯ ಇರುವುದಿಲ್ಲ.

ಬಾಳಿಕೆಗೆ 2ಕೆ ಕ್ಲಿಯರ್ ಬೇಕೇ ಬೇಕು ಅಂದರೆ ಒಂದು ಒಳ್ಳೆಯ ದಾರಿ ಇದೆ. ಪ್ಯಾನೆಲ್ ಬಿಚ್ಚಿ, ಉಜ್ಜುವುದು, ಪುಟ್ಟಿ, 1ಕೆ ಪ್ರೈಮರ್ ಎಲ್ಲ ನೀವೇ ಮನೆಯಲ್ಲಿ ಮಾಡಿ. ಬೇಸ್ ಮತ್ತು ಕ್ಲಿಯರ್ ಹೊಡೆಯಲು ಬೂತ್ ಇರುವ ಪೇಂಟರ್ ಹತ್ತಿರ ಕೊಂಡೊಯ್ಯಿರಿ. ಮೊದಲೇ ಹೋಗಿ ಮಾತಾಡಿ, ಅವರ ಪೇಂಟಿಗೆ ಯಾವ ಪ್ರೈಮರ್ ಹೊಂದುತ್ತದೆ ಅಂತ ಕೇಳಿಕೊಂಡೇ ಶುರು ಮಾಡಿ. ಪೇಂಟಿಂಗ್‌ನಲ್ಲಿ ಸಮಯ ತಿನ್ನುವುದು ತಯಾರಿಯೇ. ಅದನ್ನು ನೀವು ಮಾಡಿದರೆ ಖರ್ಚೂ ಇಳಿಯುತ್ತದೆ, ಕೆಲಸವೂ ಕಲಿಯುತ್ತೀರಿ.

ಕ್ಯಾನ್ ಅಡಿಯಲ್ಲಿರುವ ಬಟನ್ ಒತ್ತಿದರೆ ಒಳಗೇ ಹಾರ್ಡ್‌ನರ್ ಬೆರೆಯುವ 2ಕೆ ಸ್ಪ್ರೇ ಕ್ಯಾನ್ ಕೂಡ ಇವೆ. ಕ್ಯಾನ್ ಚಿಕ್ಕದು ಅಂತ ಅಪಾಯ ಚಿಕ್ಕದಾಗುವುದಿಲ್ಲ, ಮಾಸ್ಕ್ ವಿಷಯ ಅದಕ್ಕೂ ಅಷ್ಟೇ. ಆಸ್ತಮಾ, ಅಲರ್ಜಿ ಇದ್ದವರು 2ಕೆ ಹತ್ತಿರ ಹೋಗಲೇಬೇಡಿ. ಮನೆಯಲ್ಲಿ ಮಕ್ಕಳು, ಗರ್ಭಿಣಿಯರು ಇದ್ದರೂ ಅಷ್ಟೇ.

ಹಂತ 4: ಬಣ್ಣದ ಥರ ನೋಡಿ

ಸಾಲಿಡ್ ಬಣ್ಣ ಅಂದರೆ ಒಳಗೆ ಮಿಂಚು ಇಲ್ಲದ್ದು: ಮಾಮೂಲಿ ಬಿಳಿ, ಕೆಂಪು, ಕಪ್ಪು. ಮೆಟ್ಯಾಲಿಕ್‌ನಲ್ಲಿ ಅಲ್ಯೂಮಿನಿಯಂ ಚೂರುಗಳು ಇರುತ್ತವೆ. ಪರ್ಲ್‌ನಲ್ಲಿ ಮೈಕಾ, ಅಂದರೆ ಅಭ್ರಕದ ಚೂರು.

ನಿಮ್ಮ ಕಾರು ಸಾಲಿಡ್ ಬಿಳಿಯಾಗಿದ್ದರೆ ಧೈರ್ಯವಾಗಿ ಶುರು ಮಾಡಿ. ಕಲಿಯುವವರಿಗೆ ಇದಕ್ಕಿಂತ ಸುಲಭದ ಬಣ್ಣ ಇಲ್ಲ. ಸಣ್ಣಪುಟ್ಟ ಅಲೆ, ಗೆರೆ ಕಣ್ಣಿಗೆ ಬೀಳುವುದಿಲ್ಲ. ಕಪ್ಪು ಇದಕ್ಕೆ ಪೂರ್ತಿ ವಿರುದ್ಧ, ಪುಟ್ಟಿಯ ಕೆಳಗಿನ ಒಂದು ಸಣ್ಣ ತಗ್ಗನ್ನೂ ಅದು ಎತ್ತಿ ತೋರಿಸುತ್ತದೆ.

ಎಲ್ಲಕ್ಕಿಂತ ಕಷ್ಟ ಸಿಲ್ವರ್. ಅದರ ಅಲ್ಯೂಮಿನಿಯಂ ಚೂರುಗಳು ಹೇಗೆ ಮಲಗುತ್ತವೆ ಅನ್ನುವುದರ ಮೇಲೆ ಬಣ್ಣವೇ ಬದಲಾಗುತ್ತದೆ. ಹತ್ತಿರದಿಂದ ಒದ್ದೆಯಾಗಿ ಹೊಡೆದ ಕಡೆ ಕಪ್ಪಗೆ, ದೂರದಿಂದ ಒಣಗೊಣಗಾಗಿ ಹೊಡೆದ ಕಡೆ ಬೆಳ್ಳಗೆ ಕಾಣುತ್ತದೆ. ಕೈ ಒಂದೇ ವೇಗದಲ್ಲಿ ಹೋಗದಿದ್ದರೆ ಹುಲಿಪಟ್ಟೆ ಥರ ಪಟ್ಟೆ ಬೀಳುತ್ತದೆ. ಬೇಸ್ ಕೋಟ್‌ನಲ್ಲಿ ಬಿದ್ದ ಪಟ್ಟೆಯನ್ನು ಆಮೇಲೆ ಪಾಲಿಶ್ ಮಾಡಿ ತೆಗೆಯಲು ಆಗುವುದಿಲ್ಲ, ಮತ್ತೆ ಹೊಡೆಯಬೇಕು. ಸಿಲ್ವರ್ ಅಥವಾ ಪರ್ಲ್ ಕಾರಿದ್ದರೆ ಮೊದಲ ಪ್ರಯೋಗಕ್ಕೆ ಬಂಪರ್ ಆರಿಸಿಕೊಳ್ಳಿ. ಬಂಪರ್ ಮತ್ತು ಬಾಡಿ ನಡುವೆ ಸಂದು ಇರುತ್ತದೆ, ಒಂದು ಪ್ಲಾಸ್ಟಿಕ್, ಇನ್ನೊಂದು ತಗಡು, ಬಣ್ಣ ಸ್ವಲ್ಪ ಹೆಚ್ಚುಕಡಿಮೆ ಆದರೂ ಎದ್ದು ಕಾಣುವುದಿಲ್ಲ. ಡೋರ್‌ನಲ್ಲಿ ಹಾಗಲ್ಲ, ಪಕ್ಕದ ಡೋರ್ ಅಲ್ಲೇ ನಿಂತಿರುತ್ತದೆ.

ಬಣ್ಣವನ್ನೇ ಬದಲಾಯಿಸುವ ಯೋಚನೆ ಇದ್ದವರಿಗೆ ಒಂದು ಎಚ್ಚರಿಕೆ. ಆರ್‌ಸಿಯಲ್ಲಿ ಕಾರಿನ ಬಣ್ಣ ನಮೂದಾಗಿರುತ್ತದೆ. ಬೇರೆ ಬಣ್ಣ ಹೊಡೆಯುವುದಾದರೆ ಮೊದಲು ಆರ್‌ಟಿಒ ಅನುಮತಿ ತೆಗೆದುಕೊಂಡು, ಆರ್‌ಸಿಯಲ್ಲಿ ಬದಲಿಸಿ, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಸೇನೆಯವರ ಆಲಿವ್ ಗ್ರೀನ್ ಬಣ್ಣವನ್ನಂತೂ ಹೊಡೆಯುವ ಹಾಗೇ ಇಲ್ಲ, ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಅದನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲಿಟ್ಟಿದೆ. ಇದ್ದ ಬಣ್ಣವನ್ನೇ ಮತ್ತೆ ಹೊಡೆಯುವುದಕ್ಕೆ ಈ ಯಾವ ತೊಂದರೆಯೂ ಇಲ್ಲ.

ಹಂತ 5: ಬಣ್ಣ ಹೊಂದಿಸುವುದು

"ಆಲ್ಟೊ ವೈಟ್ ಕೊಡಿ" ಅಂತ ಕೇಳಬೇಡಿ. ಕಲರ್ ಕೋಡ್ ಕೇಳಿ ತನ್ನಿ. ಬಾನೆಟ್ ಕೆಳಗೆ ಅಥವಾ ಡ್ರೈವರ್ ಡೋರ್ ತೆರೆದಾಗ ಕಾಣುವ ಕಂಬದ ಮೇಲೆ ಸ್ಟಿಕ್ಕರ್ ಅಥವಾ ಪ್ಲೇಟ್‌ನಲ್ಲಿ ಅದು ಇರುತ್ತದೆ. ಉದಾಹರಣೆಗೆ ಮಾರುತಿಯ ಸುಪೀರಿಯರ್ ವೈಟ್‌ಗೆ 26ಯು, ಸಿಲ್ಕಿ ಸಿಲ್ವರ್‌ಗೆ ಝಡ್2ಎಸ್. ಸಿಗದಿದ್ದರೆ ಚಾಸಿಸ್ ನಂಬರ್ ಹೇಳಿ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ.

ಆದರೆ ಕೋಡ್ ಹೇಳುವುದು ಕಾರು ಹೊಸದಾಗಿದ್ದಾಗಿನ ಬಣ್ಣವನ್ನು. ಹತ್ತು ವರ್ಷ ಬಿಸಿಲಲ್ಲಿ ನಿಂತ ಬಿಳಿ ಸ್ವಲ್ಪ ಹಳದಿಗೆ ತಿರುಗಿರುತ್ತದೆ, ಕೆಂಪು ಮಂಕಾಗಿರುತ್ತದೆ. ಅದಕ್ಕೆ ಪೆಟ್ರೋಲ್ ಟ್ಯಾಂಕಿನ ಹೊರ ಮುಚ್ಚಳ ಬಿಚ್ಚಿಕೊಂಡು ಹೋಗಿ. ಒಂದೆರಡು ಸ್ಕ್ರೂ ಅಥವಾ ಕ್ಲಿಪ್ ಅಷ್ಟೇ, ಅಂಗೈ ಅಗಲದ ತುಂಡು, ಕಾರಿನ ಪಕ್ಕದಷ್ಟೇ ಬಿಸಿಲು ತಿಂದಿರುತ್ತದೆ. ಮುಂಚೆ ಅದನ್ನು ಚೆನ್ನಾಗಿ ತೊಳೆದು ಕಾಂಪೌಂಡ್ ಹಾಕಿ ಉಜ್ಜಿ, ಇಲ್ಲದಿದ್ದರೆ ಅಂಗಡಿಯವರು ಕೊಳೆಗೆ ಬಣ್ಣ ಹೊಂದಿಸಿ ಕೊಡುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಮುತ್ತ, ಹಾಗೆಯೇ ಬಹುತೇಕ ಜಿಲ್ಲಾ ಕೇಂದ್ರಗಳ ಆಟೊ ಪೇಂಟ್ ಅಂಗಡಿಗಳಲ್ಲಿ ಕೋಡ್ ನೋಡಿ ತೂಕ ಹಾಕಿ ಮಿಕ್ಸ್ ಮಾಡುತ್ತಾರೆ. ಕೆಲವು ಕಡೆ ಬಣ್ಣ ಅಳೆಯುವ ಸ್ಕ್ಯಾನರ್ ಕೂಡ ಇರುತ್ತದೆ. ಮಿಕ್ಸ್ ಮಾಡಿದ 1ಕೆ ಬೇಸನ್ನು ಸ್ಪ್ರೇ ಕ್ಯಾನ್‌ಗೆ ತುಂಬಿಕೊಡುವವರಿದ್ದರೆ ಕಂಪ್ರೆಸರ್ ಇಲ್ಲದವರಿಗೆ ಅದೇ ಒಳ್ಳೆಯದು.

ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ಒಪ್ಪಿಕೊಳ್ಳಬೇಡಿ. ಒಂದು ಕಾರ್ಡ್ ಮೇಲೆ ಹೊಡೆಸಿ, ಒಣಗಿದ ಮೇಲೆ ಮುಚ್ಚಳದ ಪಕ್ಕ ಹಿಡಿದು ರಸ್ತೆಗೆ ಬನ್ನಿ. ಬಿಸಿಲಲ್ಲಿ ನೋಡಿ, ನೆರಳಲ್ಲಿ ನೋಡಿ, ನೇರಕ್ಕೆ ನೋಡಿ, ಓರೆಯಾಗಿ ಹಿಡಿದು ನೋಡಿ. ಹಸಿ ಪೇಂಟ್ ನೋಡಿ ತೀರ್ಮಾನ ಮಾಡಿದರೆ ಮೋಸ ಹೋಗುತ್ತೀರಿ, ಒಣಗಿದಾಗ ಬಣ್ಣ ಬದಲಾಗುತ್ತದೆ.

ಹಂತ 6: ಪ್ರೈಮರ್, ಪುಟ್ಟಿ, ಥಿನ್ನರ್ ಎಲ್ಲ ಹೊಂದುವಂಥದ್ದೇ ತನ್ನಿ

ಪೇಂಟ್ ಒಂದು ಕಡೆ, ಥಿನ್ನರ್ ಇನ್ನೊಂದು ಕಡೆ, ಪ್ರೈಮರ್ ಮನೆಯಲ್ಲಿ ಉಳಿದಿದ್ದು, ಹೀಗೆ ಮಾಡಬೇಡಿ. ಸಾಧ್ಯವಾದಷ್ಟು ಒಂದೇ ಕಂಪನಿಯ ಒಂದೇ ಸರಣಿಯದು ತಗೊಳ್ಳಿ. ಪ್ರತಿ ಪೇಂಟಿಗೂ ಕಂಪನಿಯವರು ಟೆಕ್ನಿಕಲ್ ಡೇಟಾ ಶೀಟ್ ಅಂತ ಒಂದೆರಡು ಪುಟದ ಮಾಹಿತಿ ಕೊಡುತ್ತಾರೆ. ಎಷ್ಟು ಥಿನ್ನರ್, ಕೋಟ್ ನಡುವೆ ಎಷ್ಟು ಹೊತ್ತು, ಯಾವ ಪ್ರೈಮರ್ ಮೇಲೆ ಹೊಡೆಯಬಹುದು ಎಲ್ಲ ಅದರಲ್ಲಿದೆ. ಇಲ್ಲಿ ನಾನು ಹೇಳಿದ್ದಕ್ಕೂ ಅದರಲ್ಲಿ ಇರುವುದಕ್ಕೂ ವ್ಯತ್ಯಾಸ ಬಂದರೆ ಅದನ್ನೇ ಪಾಲಿಸಿ.

ಜನ ಎಡವುವ ಜಾಗಗಳು:

ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ಅನ್ನು ಕಾರಿಗೆ ಪ್ರೈಮರ್ ಆಗಿ ಹೊಡೆಯುವುದು. ತುಕ್ಕಿಗೆ ಒಳ್ಳೆಯದು ಅಂತ ಹೊಡೆಯುತ್ತಾರೆ, ಮೇಲಿನ ಕಾರ್ ಪೇಂಟಿನ ಥಿನ್ನರ್ ತಾಗಿದ ತಕ್ಷಣ ಅದು ಎದ್ದುಬರುತ್ತದೆ.

ಗೋಡೆ ಪುಟ್ಟಿ ಹಾಕುವುದು. ಬೇಡವೇ ಬೇಡ. ತಗ್ಗು ತುಂಬಲು ಹಾರ್ಡ್‌ನರ್ ಸೇರಿಸುವ ಪಾಲಿಯೆಸ್ಟರ್ ಪುಟ್ಟಿ ತನ್ನಿ. ಅದನ್ನು ನೀರು ಹಾಕಿ ಉಜ್ಜಬೇಡಿ, ಒಣಗಿದ್ದನ್ನು ಒಣಗಿದ ಹಾಗೇ ಉಪ್ಪುಕಾಗದದಲ್ಲಿ ಉಜ್ಜಿ. ಪುಟ್ಟಿ ನೀರು ಹೀರಿಕೊಂಡರೆ ಆಮೇಲೆ ಪೇಂಟ್ ಕೆಳಗೆ ಗುಳ್ಳೆ ಬರುತ್ತದೆ. ಎನ್‌ಸಿ ಪುಟ್ಟಿ ಸೂಜಿ ತೂತಿನಂಥ ರಂಧ್ರಕ್ಕೆ, ಸಣ್ಣ ಗೀರಿಗೆ ಮಾತ್ರ. ದಪ್ಪಗೆ ಹಾಕಿದರೆ ಕುಗ್ಗಿ ಬಿರುಕು ಬಿಡುತ್ತದೆ.

ಪ್ಲಾಸ್ಟಿಕ್ ಬಂಪರ್‌ಗೆ ಮಾಮೂಲಿ ಪ್ರೈಮರ್ ಹೊಡೆಯುವುದು. ಬಂಪರ್ ಒಳಮೈಯಲ್ಲಿ ಪಿಪಿ ಅಂತ ಅಚ್ಚಾಗಿದ್ದರೆ ಅದು ಪಾಲಿಪ್ರೊಪಿಲೀನ್. ಅದಕ್ಕೆ ಪೇಂಟ್ ಸುಲಭವಾಗಿ ಅಂಟುವುದಿಲ್ಲ. ಪ್ಲಾಸ್ಟಿಕ್ ಬರಿದಾಗಿ ಕಾಣುವ ಕಡೆಯೆಲ್ಲ ಮೊದಲು ಪ್ಲಾಸ್ಟಿಕ್ ಪ್ರೈಮರ್ ಬೇಕು. ಹಳೆಯ ಪೇಂಟ್ ಗಟ್ಟಿಯಾಗಿರುವ ಕಡೆ ಉಜ್ಜಿದರೆ ಸಾಕು.

ಸೀಮೆಎಣ್ಣೆ, ಪೆಟ್ರೋಲ್‌ನಲ್ಲಿ ಒರೆಸುವುದು. ಎರಡೂ ಮೇಲೆ ಎಣ್ಣೆಯ ಪದರ ಬಿಡುತ್ತವೆ. ವ್ಯಾಕ್ಸ್ ಆಂಡ್ ಗ್ರೀಸ್ ರಿಮೂವರ್ ಅಂತಲೇ ಸಿಗುತ್ತದೆ, ಅದನ್ನು ತನ್ನಿ. ಕಾರಿನ ಮೇಲೆ ಎಲ್ಲಾದರೂ ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್ ಹಾರಿ ಕೂತಿದ್ದರೆ ಅದರ ಸಿಲಿಕೋನ್ ಇರುವ ಕಡೆ ಪೇಂಟ್ ನಿಲ್ಲದೆ ಸಣ್ಣ ಸಣ್ಣ ವೃತ್ತವಾಗಿ ಸರಿದುಬಿಡುತ್ತದೆ. ಪೇಂಟ್ ಹೊಡೆಯುವ ಜಾಗದ ಹತ್ತಿರ ಆ ಬಾಟಲಿಗಳನ್ನು ತೆರೆಯಲೂಬೇಡಿ.

ಪ್ರೈಮರ್ ಬಣ್ಣವನ್ನೂ ನೋಡಿ. ಬಿಳಿ, ಹಳದಿ ಬಣ್ಣಗಳಿಗೆ ಅಡಿಯದನ್ನು ಮುಚ್ಚುವ ಶಕ್ತಿ ಕಡಿಮೆ. ಅವುಗಳ ಅಡಿಗೆ ಬಿಳಿ ಅಥವಾ ತಿಳಿ ಬೂದು ಪ್ರೈಮರ್ ಇದ್ದರೆ ಪೇಂಟ್ ಉಳಿಯುತ್ತದೆ. ಕಪ್ಪಿಗೆ ಗಾಢ ಬೂದು.

ಹಂತ 7: ಎಷ್ಟು, ಯಾವುದರಲ್ಲಿ?

ಒಂದು 400 ಮಿ.ಲೀ. ಸ್ಪ್ರೇ ಕ್ಯಾನ್‌ನಲ್ಲಿ ಒಂದು ಡೋರ್‌ನ ಎಲ್ಲ ಕೋಟ್‌ಗಳೂ ಮುಗಿಯುವುದಿಲ್ಲ. ಡೋರ್ ಅಥವಾ ಬಂಪರ್‌ಗೆ ಎರಡು ಬೇಸ್, ಎರಡು ಕ್ಲಿಯರ್, ಒಂದು ಪ್ರೈಮರ್ ಇಟ್ಟುಕೊಳ್ಳಿ. ಬೇಸ್ ಒಂದೇ ಸಲಕ್ಕೆ ಮಿಕ್ಸ್ ಮಾಡಿಸಿ. ಅರ್ಧದಲ್ಲಿ ಮುಗಿದು ಇನ್ನೊಮ್ಮೆ ಮಿಕ್ಸ್ ಮಾಡಿಸಿದರೆ ಕೂದಲೆಳೆಯಷ್ಟು ಬಣ್ಣ ಬೇರೆ ಬರುವುದುಂಟು.

ಗನ್ ಇದ್ದವರು ಬೇಸ್‌ಗೆ 1.3 ಅಥವಾ 1.4 ಮಿ.ಮೀ. ನಾಜಲ್, ಪ್ರೈಮರ್‌ಗೆ 1.6ರಿಂದ 1.8 ಇಟ್ಟುಕೊಳ್ಳಿ. ಚಿಕ್ಕ ಕಂಪ್ರೆಸರ್‌ಗೆ ದೊಡ್ಡ ಗನ್ ಹಾಕಿದರೆ ಅರ್ಧ ಡೋರ್ ಆಗುವಷ್ಟರಲ್ಲಿ ಗಾಳಿ ಇಳಿದು ಪೇಂಟ್ ಉಗುಳಲು ಶುರುವಾಗುತ್ತದೆ. ಗನ್‌ಗೆ ಎಷ್ಟು ಸಿಎಫ್‌ಎಂ ಗಾಳಿ (ನಿಮಿಷಕ್ಕೆ ಇಷ್ಟು ಘನ ಅಡಿ ಅನ್ನುವ ಲೆಕ್ಕ) ಬೇಕು ಅಂತ ಕೊಳ್ಳುವ ಮುಂಚೆಯೇ ನೋಡಿ. ಗೋಡೆಗೆ ಹೊಡೆಯುವ ಕರೆಂಟ್ ಸ್ಪ್ರೇ ಗನ್ ಕಾರಿಗೆ ಬೇಡ. ಮೊದಲ ಪ್ಯಾನೆಲ್‌ಗಾಗಿ ಸುಮ್ನೆ ಹೊಸ ಕಂಪ್ರೆಸರ್‌ಗೆ ದುಡ್ಡು ಹಾಕಬೇಡಿ, ಕ್ಯಾನ್‌ನಲ್ಲೇ ಕೈ ಪಳಗಿಸಿಕೊಳ್ಳಿ.

ಹಂತ 8: ಬೇರೆ ತಗಡಿನ ಮೇಲೆ ಹೊಡೆದು ನೋಡಿ

ಗುಜರಿಯಿಂದ ಒಂದು ಹಳೆಯ ಬಾನೆಟ್ ತುಂಡು ಅಥವಾ ಡೋರ್ ತನ್ನಿ. ಅದರ ಮೇಲೆ ಪ್ರೈಮರ್‌ನಿಂದ ಕ್ಲಿಯರ್‌ವರೆಗೆ ಎಲ್ಲ ಪದರ ಹೊಡೆಯಿರಿ. ಅದನ್ನು ನಿಲ್ಲಿಸಿ ಹೊಡೆಯಿರಿ, ಮಲಗಿಸಿ ಅಲ್ಲ, ಯಾಕೆಂದರೆ ಪೇಂಟ್ ಇಳಿದು ಬರುವುದು ನಿಂತ ತಗಡಿನ ಮೇಲೆಯೇ. ಸುಕ್ಕು, ಬಿಳಿ ಮಬ್ಬು, ವೃತ್ತ ಏನಾದರೂ ಬರುವುದಿದ್ದರೆ ಇಲ್ಲೇ ಬರಲಿ. ಎರಡು ದಿನ ಬಿಟ್ಟು ಬ್ಲೇಡ್‌ನಲ್ಲಿ ಗೀಚಿ, ಮೇಲೆ ಟೇಪ್ ಅಂಟಿಸಿ ಎಳೆಯಿರಿ. ಪೇಂಟ್ ಟೇಪಿನ ಜೊತೆ ಬಂದರೆ ಉಜ್ಜಿದ್ದು ಸಾಲದು ಅಥವಾ ಪ್ರೈಮರ್ ಹೊಂದಿಲ್ಲ ಅಂತ ಅರ್ಥ.

ಹಂತ 9: ಹೊಡೆಯುವ ದಿನ

ಪ್ರೈಮರನ್ನು 600ರಿಂದ 800 ನಂಬರಿನ ವಾಟರ್ ಪೇಪರ್‌ನಲ್ಲಿ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಉಜ್ಜಿ, ಒರೆಸಿ, ಪೂರ್ತಿ ಒಣಗಲು ಬಿಡಿ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಕ್ಯಾನನ್ನು ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ಒಂದಡಿಗೆ ಸ್ವಲ್ಪ ಕಡಿಮೆ ದೂರದಿಂದ, ಪ್ಯಾನೆಲ್ ಆಚೆಯಿಂದ ಶುರು ಮಾಡಿ ಈಚೆ ಹೊರಗೆ ಹೋಗಿ ನಿಲ್ಲಿಸಿ. ಪ್ರತಿ ಗೆರೆಯೂ ಹಿಂದಿನ ಗೆರೆಯ ಅರ್ಧವನ್ನು ಮುಚ್ಚಲಿ. ಮೊದಲ ಕೋಟ್ ತೆಳ್ಳಗಿರಲಿ, ಅಡಿಯ ಬಣ್ಣ ಕಂಡರೂ ಗಾಬರಿ ಬೇಡ. ಹತ್ತು ನಿಮಿಷ ಬಿಟ್ಟು ಮುಂದಿನದು.

ಇಲ್ಲಿ ಬಹಳ ಜನ ಹೆದರುತ್ತಾರೆ: ಬೇಸ್ ಕೋಟ್ ಒಣಗಿದಾಗ ಮಂಕಾಗಿ, ಸುಣ್ಣದ ಗೋಡೆಯಂತೆ ಕಾಣುತ್ತದೆ. ಅದು ಇರಬೇಕಾದ್ದೇ ಹಾಗೆ. ಹೊಳಪು ಬರಲಿ ಅಂತ ಮತ್ತೆ ಮತ್ತೆ ಹೊಡೆದರೆ ಅಡಿಯಲ್ಲಿ ಥಿನ್ನರ್ ಸಿಕ್ಕಿಹಾಕಿಕೊಂಡು ಆಮೇಲೆ ಗುಳ್ಳೆ ಬರುತ್ತದೆ. ಬಣ್ಣ ಪೂರ್ತಿ ಮುಚ್ಚಿದ ತಕ್ಷಣ ನಿಲ್ಲಿಸಿ, ಎರಡು ಮೂರು ಕೋಟ್ ಸಾಕು. ಹೊಳಪು ಕೊಡುವುದು ಕ್ಲಿಯರ್‌ನ ಕೆಲಸ. ಬೇಸ್ ಮುಗಿದ ದಿನವೇ ಕ್ಲಿಯರ್ ಹೊಡೆಯಿರಿ. ಜಾಸ್ತಿ ತಡವಾದರೆ ಅದು ಸರಿಯಾಗಿ ಹಿಡಿಯುವುದಿಲ್ಲ.

ಪೇಂಟ್ ತಾಗಬಾರದ ಕಡೆ ಅಂಟಿಸಿದ ಮಾಸ್ಕಿಂಗ್ ಟೇಪನ್ನು ಕ್ಲಿಯರ್ ಪೂರ್ತಿ ಗಟ್ಟಿಯಾಗುವ ಮುಂಚೆಯೇ ನಿಧಾನವಾಗಿ, ಹಿಂದಕ್ಕೆ ಮಡಚಿದ ಹಾಗೆ ಎಳೆಯಿರಿ. ಗಟ್ಟಿಯಾದ ಮೇಲೆ ಎಳೆದರೆ ಅಂಚು ಚಕ್ಕೆ ಏಳುತ್ತದೆ. ಒಂದು ದಿನ ಮುಟ್ಟಬೇಡಿ. 1ಕೆ ಪೇಂಟ್ ಆದರೆ ಒಂದು ವಾರ ಬಿಟ್ಟು ಕಾಂಪೌಂಡ್ ಹಾಕಿ. ವ್ಯಾಕ್ಸ್ ಹಚ್ಚಲು ಒಂದು ತಿಂಗಳಾದರೂ ಕಾಯಿರಿ, ಒಳಗಿನ ಥಿನ್ನರ್ ಹೊರಗೆ ಹೋಗಲು ಅಷ್ಟು ಸಮಯ ಬೇಕು. ಪೆಟ್ರೋಲ್ ಹಾಕಿಸುವಾಗ ಹೊಸ ಪೇಂಟ್ ಮೇಲೆ ಚೆಲ್ಲಿದರೆ ಉಜ್ಜದೆ ತಕ್ಷಣ ನೀರು ಸುರಿದು ತೊಳೆಯಿರಿ.

ಉಳಿದ ಪೇಂಟನ್ನು ಚರಂಡಿಗೆ ಸುರಿಯಬೇಡಿ. ಮುಚ್ಚಳ ಬಿಗಿ ಮಾಡಿ, ಡಬ್ಬದ ಮೇಲೆ ಕಲರ್ ಕೋಡ್, ಮಿಕ್ಸ್ ಮಾಡಿಸಿದ ತಾರೀಖು, ಅಂಗಡಿಯವರು ಬರೆದುಕೊಟ್ಟ ಫಾರ್ಮುಲಾ ಚೀಟಿ ಮೂರನ್ನೂ ಅಂಟಿಸಿ, ಬಿಸಿಲು ಬೀಳದ ಕಡೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ. ಮುಂದೆ ಗೀರು ಬಿದ್ದಾಗ ಟಚಪ್‌ಗೆ ಅದೇ ಬೇಕಾಗುತ್ತದೆ.